ಗಿಡುಗ ಎಣಿಸುವವರಿಂದ ನಾವು ಕಲಿಯಬೇಕಾದ್ದು

ಗಿಡುಗ ಅಂದರೆ ನಮಗೆ ಕೋಳಿಮರಿ ಕಳ್ಳ, ಅಷ್ಟೇ. ಅಂಗಳದಲ್ಲಿ ಅದರ ನೆರಳು ಹಾದರೆ ಸಾಕು, ಹೇಟೆ ಬೊಬ್ಬೆ ಹೊಡೆಯುತ್ತದೆ, ನಾವು ಕಲ್ಲು ಹೆಕ್ಕುತ್ತೇವೆ. ನಾನೂ ಹಾಗೇ ಬೆಳೆದವನು.

2018ರ ಅಕ್ಟೋಬರಿನಲ್ಲಿ ಮಗಳ ಮನೆಗೆಂದು ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಹೋಗಿದ್ದೆ. "ಅಪ್ಪಾ, ಇಲ್ಲಿ ಗಿಡುಗ ನೋಡಲಿಕ್ಕೆಂದೇ ಜನ ಬೆಟ್ಟ ಹತ್ತುತ್ತಾರೆ, ಬರ್ತೀರಾ?" ಅಂದಳು. ನಗು ಬಂತು. ಆದರೂ ಹೋದೆ.

ಬೆಟ್ಟದ ಹೆಸರೇ ಹಾಕ್ ಮೌಂಟನ್, ಗಿಡುಗನ ಬೆಟ್ಟ. ಸುಮಾರು 1500 ಅಡಿ ಎತ್ತರದಲ್ಲಿ ಬಂಡೆಗಳ ರಾಶಿ. ಕೆಳಗೆ ಹೊಲಗಳು, ಸುತ್ತ ಎಲೆ ಹಣ್ಣಾದ ಕಾಡು. ಬಂಡೆಗಳ ಮೇಲೆ ದುರ್ಬೀನು, ಬುತ್ತಿ ಹಿಡಿದು ಕೂತ ಜನ. ಉತ್ತರದ ಚಳಿಗೆ ಹೆದರಿ ದಕ್ಷಿಣಕ್ಕೆ ಹೊರಟ ಗಿಡುಗಗಳು ಈ ಬೆಟ್ಟಸಾಲು ಹಿಡಿದೇ ಬರುತ್ತವೆ. ಗಾಳಿ ಬೆಟ್ಟಕ್ಕೆ ಬಡಿದು ಮೇಲೇಳುತ್ತದಲ್ಲ, ರೆಕ್ಕೆ ಬಿಡಿಸಿದರೆ ಅದೇ ಹೊತ್ತೊಯ್ಯುತ್ತದೆ. ಎದುರಿನ ಗುಡ್ಡಗಳಿಗೆ ಒಂದರಿಂದ ಐದರ ತನಕ ನಂಬರು. "ಮೂರರ ಮೇಲೆ!" ಅಂತ ಒಬ್ಬರು ಕೂಗಿದರೆ ಎಲ್ಲರ ದುರ್ಬೀನೂ ಅತ್ತ. ಯಾವ ಜಾತಿ, ಎಷ್ಟು, ಗಾಳಿ ಎತ್ತಣದ್ದು ಎಂದು ಗಂಟೆಗಂಟೆಗೆ ಬರೆಯುತ್ತಾರೆ.

ಹಿಂದೆ ಇದೇ ಜಾಗದಲ್ಲಿ ಕೋವಿ ಹಿಡಿದವರು ನೂರುಗಟ್ಟಲೆ ಗಿಡುಗ ಉರುಳಿಸುತ್ತಿದ್ದರಂತೆ. 1929ರಲ್ಲಿ ಸರಕಾರವೇ ಒಂದು ಜಾತಿಯ ಗಿಡುಗದ ತಲೆಗೆ 5 ಡಾಲರ್ ಇನಾಮು ಇಟ್ಟಿತ್ತು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಬೆಟ್ಟವನ್ನೇ ಗೇಣಿಗೆ ಪಡೆದು ಮಾರಿಸ್ ಬ್ರೌನ್ ಎಂಬವರನ್ನು ಕಾವಲಿಗಿಟ್ಟರು. ಕಾಯಲು ಬಂದ ಬ್ರೌನ್ ಎಣಿಸಲೂ ತೊಡಗಿದರು.

ಎಣಿಸಿ ಏನು ಸಿಕ್ಕಿತು?

1935ರಿಂದ 39ರ ತನಕ ಅಲ್ಲಿ ಕಂಡ ಬಿಳಿತಲೆ ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 59ರಲ್ಲಿ ಅದು 20ಕ್ಕೆ ಇಳಿಯಿತು. 1957ರಲ್ಲಂತೂ 32 ದೊಡ್ಡ ಹದ್ದಿಗೆ ಒಂದೇ ಎಳೆಯದು! ಹಳೆ ಅಡಿಕೆಮರ ಫಲ ಕೊಡುತ್ತಿದೆ, ಆದರೆ ಎಡೆಸಸಿ ಒಂದೂ ಏಳುತ್ತಿಲ್ಲ ಅಂದ ಹಾಗೆ. ಆಕಾಶ ನೋಡಿದವನಿಗೆ ಹದ್ದು ಕಾಣುತ್ತಿತ್ತು. ಮರಿಯಾಗುತ್ತಿಲ್ಲ ಎಂದು ಹೇಳಿದ್ದು ಬರೆದಿಟ್ಟ ಲೆಕ್ಕ. ರೇಚಲ್ ಕಾರ್ಸನ್ 1962ರ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಈ ಲೆಕ್ಕವನ್ನು ಜನರ ಮುಂದಿಟ್ಟರು. ಡಿಡಿಟಿ ಮೀನಿನ ಮೂಲಕ ಹದ್ದಿನ ಮೈಸೇರಿ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ ಎಂಬುದು ಆಮೇಲೆ ಖಚಿತವಾಯಿತು. 1972ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು, ಹದ್ದು ಪುನಃ ಹೆಚ್ಚಿತು. ನಮ್ಮಲ್ಲಿ ಕೃಷಿಗೆ ಡಿಡಿಟಿ ನಿಂತದ್ದು 1989ರಲ್ಲಿ.

ಬಂಡೆ ಮೇಲೆ ಕೂತಾಗ ನನಗೆ ನೆನಪಾದದ್ದು ನನ್ನದೇ ತಪ್ಪು. ಕೊಕ್ಕೋ ಕಾಯಿಗೆ ಇಲಿ ಕಾಟ ಅಂತ ಎರಡು ವರ್ಷ ವಿಷದ ಬಿಲ್ಲೆ ಕಟ್ಟಿದ್ದೆ. ಅಟ್ಟದಲ್ಲಿ ಗೂಬೆ ಜೋಡಿಯೊಂದಿತ್ತು. ಒಂದು ದಿನ ಹಟ್ಟಿಯ ಹಿಂದೆ ಒಂದು ಸತ್ತು ಬಿದ್ದಿತ್ತು, ಇನ್ನೊಂದು ಮತ್ತೆ ಕಾಣಲಿಲ್ಲ. ವಿಷದಿಂದಲೇ ಎಂದು ಪರೀಕ್ಷೆ ಮಾಡಿಸಿದವನಲ್ಲ. ಆದರೆ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ತಿರುಗುತ್ತದೆ, ಗೂಬೆ, ಗಿಡುಗಗಳಿಗೆ ಸುಲಭದ ತುತ್ತಾಗುತ್ತದೆ. ವಿಷವೂ ಜೊತೆಗೇ ಹೋಗುತ್ತದೆ. ಮರುವರ್ಷ ಇಲಿ ಬಂತು, ಹಿಡಿಯುವವರು ಬರಲಿಲ್ಲ. ಈಗ ಬಿಲ್ಲೆ ಬಿಟ್ಟು ಬೋನು ಇಡುತ್ತಿದ್ದೇನೆ. ರಗಳೆ ಜಾಸ್ತಿ ಹೌದು.

ಕೋಳಿಮರಿ ಕಳಕೊಂಡವರ ಸಂಕಟ ಸುಳ್ಳಲ್ಲ. ನನ್ನಲ್ಲೂ ಹೋಗಿದೆ. ಮರಿ ಬಲಿಯುವ ತನಕ ಬಲೆಯಡಿ ಸಾಕಿದರೆ ಆ ನಷ್ಟ ತಪ್ಪುತ್ತದೆ. ಗಿಡುಗ ತಿಂದ ಮರಿ ನಮ್ಮ ಲೆಕ್ಕಕ್ಕೆ ಬರುತ್ತದೆ, ಹಿಡಿದ ಇಲಿ, ಮಿಡತೆ ಬರುವುದಿಲ್ಲ. ಇದೆಂಥ ಲೆಕ್ಕ?

ನಮ್ಮಲ್ಲಿ ಹಲವರು ದಿನಾ ಮಳೆ ಅಳೆದು ಬರೆದಿಡುತ್ತಾರೆ. ಅದೇ ಪುಸ್ತಕದ ಬದಿಗೆ ಇನ್ನೊಂದು ಗೆರೆ ಎಳೆಯೋಣ. ಗಿಡುಗ, ಗೂಬೆ ಕಂಡ ದಿನ, ಎಷ್ಟು, ಮರಿ ಇತ್ತೇ, ತೋಟಕ್ಕೆ ಯಾವ ವಿಷ ಹೊಡೆದೆವು, ಇಷ್ಟು ಬರೆದರೆ ಸಾಕು. ಖರ್ಚಿಲ್ಲ, ಇಲಾಖೆಯ ಅಪ್ಪಣೆ ಬೇಡ. ನಮ್ಮ ತೋಟದಲ್ಲಿ ಏನು ಕಡಿಮೆಯಾಗುತ್ತಿದೆ ಎಂದು ಹೊರಗಿನವರು ಬಂದು ಹೇಳುವ ಮೊದಲು ನಮಗೇ ಗೊತ್ತಿರಲಿ. ಏನಂತೀರಿ?