ಮಾಗಿಯ ಕೆರೆಯ ಮೊದಲ ನಿಮಿಷ

ಹಾಸನ ತಾಲ್ಲೂಕಿನ ದುದ್ದದಲ್ಲಿ ಮಾಗಿಯ ಮುಂಜಾವೆಂದರೆ ಹಗುರವಾದ ಮಾತಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನಾಡಿನಲ್ಲಿ, ಹಂಡೆಯ ಒಲೆ ಹೊತ್ತುವವರೆಗೆ ಮನೆಮಂದಿ ಕಂಬಳಿಯಿಂದ ಹೊರಬರಲು ಒಪ್ಪುವುದಿಲ್ಲ. ಇಂಥ ಒಂದು ಬೆಳಗ್ಗೆ, ಸಂಕ್ರಾಂತಿಗೆಂದು ಬೆಂಗಳೂರಿನಿಂದ ತಾತನ ಊರಿಗೆ ಬಂದ ತರುಣನೊಬ್ಬ ಕೆರೆಯ ದಡದಲ್ಲಿ ನಿಂತಿದ್ದಾನೆನ್ನಿ. ಅವನು ಟ್ರಯಾಥ್ಲಾನ್ ಸ್ಪರ್ಧೆಗೆ ಅಣಿಯಾಗುತ್ತಿದ್ದಾನೆ. ಈಜು, ಸೈಕಲ್ ಸವಾರಿ, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸಬೇಕಾದ ಈ ಪಂದ್ಯ 2000ದಲ್ಲಿ ಸಿಡ್ನಿ ಒಲಿಂಪಿಕ್ಸನ್ನು ಸೇರಿತು, ಅದರಲ್ಲಿ 1.5 ಕಿಲೋಮೀಟರ್ ಈಜೇ ಮೊದಲ ಘಟ್ಟ. ನಗರದ ಈಜುಕೊಳದಲ್ಲಿ ಅಷ್ಟು ದೂರವನ್ನು ಲೀಲಾಜಾಲವಾಗಿ ಕ್ರಮಿಸಬಲ್ಲ ತರುಣ, ಅಂಗಿ ಕಳಚಿ ಜಿಗಿಯಲು ಮುಂದಾಗುತ್ತಾನೆ.

"ತಡಿ ಮಗ, ಹಂಗೆ ಹಾರ್ಬೇಡ," ಎಂದು ತಾತ ರಟ್ಟೆ ಹಿಡಿಯುತ್ತಾರೆ. "ಮೊದ್ಲು ಕಾಲು ತೋಯಿಸ್ಕೊ, ಮುಖಕ್ಕೆ ನೀರು ಹಾಕ್ಕೊ. ಆಮೇಲೆ ಇಳಿ."

"ನಂಗೆ ಈಜು ಬರುತ್ತಲ್ಲ ತಾತ!"

"ಈಜು ಗೊತ್ತು ಕಣಪ್ಪ. ಈ ನೀರು ಗೊತ್ತಾ?"

ತಾತನ ಮಾತಿಗೆ ಶರೀರಶಾಸ್ತ್ರದ ಬೆಂಬಲವಿದೆ. ತಣ್ಣೀರು ಮೈಯನ್ನು ಹಠಾತ್ತನೆ ಆವರಿಸಿದಾಗ ಮನುಷ್ಯ ತನ್ನಿಚ್ಛೆಯಿಲ್ಲದೆಯೇ ಒಮ್ಮೆ ಬಲವಾಗಿ ಉಸಿರೆಳೆಯುತ್ತಾನೆ. ಆ ಗಳಿಗೆಯಲ್ಲಿ ಬಾಯಿ ನೀರಿನಡಿಯಿದ್ದರೆ ಒಳಹೋಗುವುದು ಗಾಳಿಯಲ್ಲ. ಬಳಿಕ ಏದುಸಿರು ಹತ್ತುತ್ತದೆ, ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಇದಕ್ಕೆ ಹಿಮಗಡ್ಡೆಯ ನೀರೇ ಬೇಕೆಂದಿಲ್ಲ. ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಂತೆ ಈ ಪ್ರತಿಕ್ರಿಯೆ ತಲೆದೋರಿ, 15ರಿಂದ 10 ಡಿಗ್ರಿಯ ಹೊತ್ತಿಗೆ ಅತಿ ತೀವ್ರವಾಗುತ್ತದೆ. ಮೈಯ ಒಳಗಿನ ಶಾಖ ಅಪಾಯದ ಮಟ್ಟಕ್ಕೆ ಇಳಿಯಲು, ಹಿಮದಂಥ ನೀರಿನಲ್ಲೂ, ಅರ್ಧ ಗಂಟೆಯಷ್ಟಾದರೂ ಹಿಡಿಯುತ್ತದೆ. ಆದರೆ ನುರಿತ ಈಜುಗಾರನೂ ಮೊದಲ ಒಂದೆರಡು ನಿಮಿಷದಲ್ಲಿಯೇ ಮುಳುಗಬಹುದು. ಅವನನ್ನು ಕೊಲ್ಲುವುದು ಚಳಿಯಲ್ಲ, ಚಳಿಯೊಡನೆ ಹೂಡಿದ ಅವಸರದ ಜಗಳ.

ಆದಕಾರಣ ಆಗ ಮಾಡಬೇಕಾದುದು ಈಜಲ್ಲ. ಅಂಗಾತ ಮಲಗಿ, ಬಾಯಿ ಮೂಗುಗಳನ್ನು ನೀರಿನ ಮೇಲಿಟ್ಟು, ತೇಲುತ್ತಿರಬೇಕು. ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಹೋದರೆ ಒಂದೆರಡು ನಿಮಿಷಗಳಲ್ಲಿ ಅದು ಹತೋಟಿಗೆ ಬರುತ್ತದೆ. ಈಜು ಅನಂತರ. ಹೃದ್ರೋಗವುಳ್ಳವರು ಈ ಸಾಹಸಕ್ಕೆ ಇಳಿಯದಿರುವುದೇ ಲೇಸು. ಒಂಟಿಯಾಗಿ ಇಳಿಯುವುದು ಯಾರಿಗೂ ಸಲ್ಲದು.

ಚಳಿಯನ್ನು ಪಳಗಿಸಲೂ ಸಾಧ್ಯ. ತಣ್ಣೀರಿನಲ್ಲಿ ಮೂರು ಮೂರು ನಿಮಿಷದಂತೆ ಐದಾರು ಸಲ ಇದ್ದು ಬಂದವರಲ್ಲಿ ಈ ಆಘಾತ ಸುಮಾರು ಅರ್ಧಕ್ಕೆ ಇಳಿಯುವುದೆಂದು ಪ್ರಯೋಗಗಳು ತೋರಿಸಿವೆ. ಇಂಗ್ಲಿಷ್ ಕಡಲ್ಗಾಲುವೆಯ ತಣ್ಣೀರನ್ನು ಗೆದ್ದ ಮೊದಲ ಭಾರತೀಯ ಮಿಹಿರ್ ಸೇನ್, 1958ರಲ್ಲಿ ದಡ ಮುಟ್ಟುವ ಮುನ್ನ ಹಲವು ಸಲ ಸೋತಿದ್ದರು. ಮರುವರ್ಷದ ಆಗಸ್ಟಿನಲ್ಲಿ ವಿಫಲರಾದ ಆರತಿ ಸಾಹಾ, ಸೆಪ್ಟೆಂಬರ್ 29ರಂದು 16 ಗಂಟೆ 20 ನಿಮಿಷ ಈಜಿ ಅದನ್ನು ದಾಟಿದ ಏಷ್ಯದ ಪ್ರಥಮ ಮಹಿಳೆಯಾದರು. ಇಬ್ಬರೂ ಒಂದೇ ನೆಗೆತಕ್ಕೆ ಕಡಲನ್ನು ಗೆದ್ದವರಲ್ಲ.

ದಡ ಸೇರಿದ ಮೇಲೂ ಎಚ್ಚರ ಬೇಕು. ನೀರಿನಿಂದೆದ್ದ ಬಳಿಕವೂ ಕೆಲಹೊತ್ತು ಮೈಯ ಒಳಶಾಖ ಇಳಿಯುತ್ತಲೇ ಇರುತ್ತದೆ. ಒಡನೆ ಹಂಡೆಯ ಸುಡುನೀರನ್ನು ಸುರಿದುಕೊಂಡರೆ ತಲೆ ಸುತ್ತಿ ಬೀಳುವ ಭಯವುಂಟು. ಒದ್ದೆ ಬಟ್ಟೆ ಕಳಚಿ, ಮೈ ಒರಸಿ, ಒಣಬಟ್ಟೆ ಹೊದ್ದು, ಬೆಚ್ಚನೆಯ ಪಾನೀಯವನ್ನು ಗುಟುಕರಿಸುವುದೇ ಸರಿಯಾದ ಕ್ರಮ.

ತರುಣ ಈಗ ಮೆಲ್ಲನೆ ಇಳಿಯುತ್ತಾನೆ. ನೀರು ಎದೆಗೆ ಬಂದಾಗ ಉಸಿರು ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ ಮಂಜಿನ ಆಕಾಶವನ್ನು ನೋಡುತ್ತ ತೇಲುತ್ತಾನೆ. ದಡದಲ್ಲಿ ತಾತ, ಒಣ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು, ಮೊಮ್ಮಗನ ಉಸಿರು ಹದಕ್ಕೆ ಬರುವುದನ್ನೇ ಕಾಯುತ್ತಿದ್ದಾರೆ.

"ಹೂಂ, ಈಗ ಈಜು!"