ಕಟ್ಟೆ ಸಾಹುಕಾರನದು, ಹೆಣ ಯಾರದು?

ಶನಿವಾರ ಬಂತೆಂದರೆ ಬೈಕ್ ಏರಿ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಹೊರಡುವ ಗೆಳೆಯರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಎಸ್ಟೇಟಿನೊಳಗಿನ ಕೆರೆ ಏರಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತೀರಲ್ಲ, ಆ ಏರಿ ಕಟ್ಟಿದ್ದು ಯಾರು? ಯಾವ ಮಣ್ಣಿನಲ್ಲಿ? ಒಬ್ಬ ಇಂಜಿನಿಯರ್ ಅದನ್ನು ಕೊನೆಯ ಸಲ ನೋಡಿದ್ದು ಯಾವ ವರ್ಷ? ನಿಮಗೆ ಗೊತ್ತಿಲ್ಲ, ಬಿಡಿ. ಅದರ ಕೆಳಗಿನ ಲೈನ್ ಮನೆಗಳಲ್ಲಿ ರಾತ್ರಿ ಮಲಗುವ ಕೂಲಿಯವರಿಗಾದರೂ ಗೊತ್ತೇ?

ಸಣ್ಣ ಕೆರೆ ತಾನೇ ಎಂದು ನಗಬೇಡಿ. ಒಂದು ಎಕರೆ ವಿಸ್ತಾರ, ಸರಾಸರಿ ಹತ್ತಡಿ ಆಳ ಎಂದರೆ ಸುಮಾರು 1 ಕೋಟಿ 20 ಲಕ್ಷ ಲೀಟರ್ ನೀರು. ಬೇಸಿಗೆಯಲ್ಲಿ ನಮ್ಮ ಬೀದಿಯವರು ಬಾಯಿಬಿಟ್ಟು ಕಾಯುವ 12,000 ಲೀಟರಿನ ಟ್ಯಾಂಕರುಗಳು ಸಾವಿರ! ಅಷ್ಟೂ ಒಂದೇ ಗಳಿಗೆಯಲ್ಲಿ ಇಳಿಜಾರಿನ ಮೇಲಿಂದ ಮನೆಯ ಮೇಲೆ ಬಂದರೆ ಏನಾದೀತು?

ಏನಾಗುತ್ತದೆ ಎಂದು ಕೀನ್ಯಾ ದೇಶದ ಸೊಲಾಯ್ ಊರಿನ ಜನರನ್ನು ಕೇಳಿ. ಅಲ್ಲಿಯೂ ಕಾಫಿ ತೋಟ, ಅಲ್ಲಿಯೂ ಗುಡ್ಡದ ಮೇಲೆ ಸಾಹುಕಾರನ ಮಣ್ಣಿನ ಕಟ್ಟೆ. ಪಟೇಲ್ ಡ್ಯಾಮ್ ಎಂದೇ ಅದರ ಹೆಸರು. ಯಜಮಾನ ನಮ್ಮ ಭಾರತ ಮೂಲದವನೇ. 2018ರ ಮೇ 9ರ ರಾತ್ರಿ, ಮಳೆಗೆ ತುಂಬಿದ್ದ ಆ ಕಟ್ಟೆ ಒಡೆಯಿತು. 48 ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿ ಮಕ್ಕಳು. ಆ ತೋಟದ ಕಟ್ಟೆಗಳಿಗೆ ಪರವಾನಗಿಯೇ ಇರಲಿಲ್ಲ ಎಂದು ಅಲ್ಲಿನ ಜಲ ಇಲಾಖೆಯವರು ಬಾಯಿಬಿಟ್ಟದ್ದು ಹೆಣ ಎತ್ತಿದ ಮೇಲೆ! ಅಲ್ಲಿಯವರೆಗೆ ಗುಡ್ಡದಷ್ಟು ದೊಡ್ಡ ಕಟ್ಟೆ ಯಾವ ಅಧಿಕಾರಿಯ ಕಣ್ಣಿಗೂ ಬಿದ್ದಿರಲಿಲ್ಲವೇ? ಯಜಮಾನ, ಅಧಿಕಾರಿಗಳು ಸೇರಿ ಒಂಬತ್ತು ಜನರ ಮೇಲೆ ಮೊಕದ್ದಮೆ ಹೂಡಿದರು. ಸರ್ಕಾರಿ ವಕೀಲರು ವಾಯಿದೆ ಮೇಲೆ ವಾಯಿದೆ ಕೇಳಿದರು. 2020ರ ಫೆಬ್ರವರಿಯಲ್ಲಿ ಕೆಳಗಿನ ಕೋರ್ಟು ಬೇಸತ್ತು ಎಲ್ಲರನ್ನೂ ಬಿಟ್ಟಿತು. ಆಮೇಲೆ ಮೇಲಿನ ಕೋರ್ಟು ಮತ್ತೆ ವಿಚಾರಣೆ ನಡೆಸಿ ಎಂದಿತು. ಸತ್ತವರ ಮನೆಯವರು ಅಲೆಯುವುದು ಅಲೆದೇ ಅಲೆದರು.

ಬಡ ದೇಶ, ಅದಕ್ಕೇ ಹೀಗೆ ಎನ್ನುವ ಜಾಣರೂ ಇದ್ದಾರೆ. ಅವರಿಗೆ ಅಮೆರಿಕದ ಕಥೆ ಹೇಳೋಣ. ಹವಾಯಿಯ ಕವಾಯಿ ದ್ವೀಪದಲ್ಲಿ ಕಾ ಲೋಕೊ ಎಂಬ ಹಳೆಯ ಮಣ್ಣಿನ ಕಟ್ಟೆಯಿತ್ತು. ಮಾಲೀಕ ಭಾರೀ ಶ್ರೀಮಂತ, ಕಾರು ವ್ಯಾಪಾರಿ. 2006ರ ಮಾರ್ಚ್ 14ರ ಬೆಳಗಿನ ಜಾವ ಅದು ಒಡೆದು ಏಳು ಜನ ಕೊಚ್ಚಿಹೋದರು. ಕಟ್ಟೆಯ ಕೋಡಿಯೇ ಮಣ್ಣಿನಲ್ಲಿ ಮುಚ್ಚಿಹೋಗಿತ್ತು ಎಂಬುದು ಮಾಲೀಕನ ಮೇಲೆ ಬಂದ ಆರೋಪ. ಸರ್ಕಾರ ತಪಾಸಣೆಯನ್ನೇ ಮಾಡಿರಲಿಲ್ಲ. ಎಂಟು ವರ್ಷ ಕಳೆದು 2014ರಲ್ಲಿ ಮಾಲೀಕನಿಗೆ ಏಳು ತಿಂಗಳ ಸಜೆಯಾಯಿತು. ಏಳು ಹೆಣಕ್ಕೆ ಏಳು ತಿಂಗಳು! ತಲೆಗೆ ಒಂದು ತಿಂಗಳ ಲೆಕ್ಕ.

ಕೋಡಿ ಎಂದರೇನು ಎಂದು ನಿಮ್ಮ ಅಜ್ಜಿಗೆ ಗೊತ್ತು. ಹೆಚ್ಚಾದ ನೀರು ಏರಿಯ ಮೇಲೆ ಹರಿಯದಂತೆ ಪಕ್ಕದಿಂದ ದಾಟಿ ಹೋಗಲು ಬಿಟ್ಟ ದಾರಿ. ಕಲ್ಲಿನ ಕಟ್ಟೆಯ ಮೇಲೆ ನೀರು ಹರಿದರೆ ಸ್ವಲ್ಪ ಹೊತ್ತಾದರೂ ತಡೆದೀತು. ಮಣ್ಣಿನ ಏರಿಯ ಮೇಲೆ ಹರಿದರೆ ಅದು ಹಿಂಬದಿಯನ್ನು ಕೊರೆಯುತ್ತಾ ಬಂದು ಕೆಲವೇ ಗಂಟೆಗಳಲ್ಲಿ ಬಾಯಿ ಬಿಡುತ್ತದೆ. ಇನ್ನೊಂದು ದಾರಿ ಒಳಗಿನಿಂದ. ಮರದ ಬೇರು ಕೊಳೆತ ಜಾಗ, ಹೆಗ್ಗಣದ ಬಿಲ, ತೂಬಿನ ಪಕ್ಕದ ಸಂದು, ಇವುಗಳಲ್ಲಿ ನೀರು ನುಸುಳಿ ಮಣ್ಣನ್ನು ಕದಿಯುತ್ತದೆ. ಏರಿಯ ಬುಡದಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಗಮನವಿಟ್ಟು ನೋಡುತ್ತಿರಬೇಕು. ಕೆಂಪಾಗಿ ಬಂದರೆ ಓಡಬೇಕು! ಇದನ್ನೆಲ್ಲ ನೋಡಲೆಂದೇ ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಇದ್ದ. ರೆಸಾರ್ಟಿನಲ್ಲಿ ಯಾರಿದ್ದಾರೆ? ಗೇಟಿನಲ್ಲಿ ಸಲ್ಯೂಟ್ ಹೊಡೆಯುವ ಸೆಕ್ಯೂರಿಟಿ.

ಕಾನೂನು ಇಲ್ಲವೇ ಎನ್ನುತ್ತೀರಾ? ಇದೆ ಸ್ವಾಮಿ, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ. ಖಾಸಗಿ ಕಂಪನಿಯ ಕಟ್ಟೆಯೂ ಅದರೊಳಗೆ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಮಾಡಲೇಬೇಕು. ಆಪತ್ತಿಗೆ ಏನು ಮಾಡಬೇಕೆಂಬ ಯೋಜನೆ ಬರೆದಿಡಬೇಕು. ಬಹಳ ಚೆಂದ. ಆದರೆ ಇದೆಲ್ಲ 15 ಮೀಟರಿಗಿಂತ ಎತ್ತರದ ಕಟ್ಟೆಗೆ. 10ರಿಂದ 15 ಮೀಟರಿನದಾದರೆ ಉದ್ದವೋ, ನೀರಿನ ಪ್ರಮಾಣವೋ, ಬೇರೆ ಯಾವುದಾದರೂ ಷರತ್ತೋ ಹೊಂದಬೇಕು. 9 ಮೀಟರಿನದು? ಕಾಯ್ದೆಯ ಲೆಕ್ಕಕ್ಕೇ ಇಲ್ಲ. 9 ಮೀಟರ್ ಎಂದರೆ ಮೂರು ಅಂತಸ್ತಿನ ಮನೆ! ದೆಹಲಿಯಲ್ಲಿ ಕುಳಿತು ಟೇಪು ಹಿಡಿದವರು ಏರಿಯನ್ನು ಅಳೆದರು. ಅದರ ಕೆಳಗೆ ಎಷ್ಟು ಮನೆ ಇವೆಯೆಂದು ಎಣಿಸಲಿಲ್ಲ.

ನನ್ನದೊಂದು ಪ್ರಿಂಟಿಂಗ್ ಪ್ರೆಸ್. ರೆಸಾರ್ಟಿನವರ ಕರಪತ್ರ ನಮಗೂ ಬರುತ್ತದೆ. ಆರ್ಟ್ ಪೇಪರಿನ ಮೇಲೆ ನಾಲ್ಕು ಬಣ್ಣದಲ್ಲಿ 'ಲೇಕ್ ವ್ಯೂ ಕಾಟೇಜ್', ಎಲ್ಲ ಇಂಗ್ಲಿಷಿನಲ್ಲೇ. "ಕೆರೆ ಏರಿ ಒಡೆಯುವ ಸೂಚನೆ ಕಂಡರೆ ಈ ದಾರಿಯಲ್ಲಿ ಮೇಲಕ್ಕೆ ಓಡಿ, ಈ ನಂಬರಿಗೆ ಫೋನ್ ಮಾಡಿ" ಎಂಬ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಇಂದಿನವರೆಗೆ ಒಬ್ಬನೂ ಬಂದಿಲ್ಲ. ಆ ಹಾಳೆ ಕನ್ನಡದಲ್ಲೇ ಇರಬೇಕು. ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ಕೂಲಿಯವರಿದ್ದರೆ ಅವರ ಮಾತಿನಲ್ಲೂ ಇರಲಿ. ಕೊಚ್ಚಿಹೋಗುವಾಗ ನೀರು ಭಾಷೆ ಕೇಳುವುದಿಲ್ಲ.

"ನನ್ನ ಜಮೀನು, ನನ್ನ ದುಡ್ಡು, ನೀನ್ಯಾರು ಕೇಳೋಕೆ?" ಎಂದು ಸಾಹುಕಾರರು ಗದರುತ್ತಾರೆ. ಜಮೀನು ನಿಮ್ಮದೇ, ಒಪ್ಪೋಣ. ಕೆಳಗಿನ ಹಳ್ಳ ನಿಮ್ಮದೇ? ಹೂಮಳೆ ಕೈಕೊಟ್ಟಾಗ ತೋಟಕ್ಕೆ ನೀರು ಬೇಕು, ಅದಕ್ಕೆ ಕಟ್ಟೆ ಬೇಕು ಎಂಬುದನ್ನೂ ಯಾರೂ ಅಲ್ಲಗಳೆಯುತ್ತಿಲ್ಲ. ಕಟ್ಟಿ. ಕೋಡಿ ಬಿಟ್ಟು ಕಟ್ಟಿ, ತೋರಿಸಿ ಕಟ್ಟಿ.

ಇನ್ನು ನಿಮ್ಮ ಕೆಲಸ, ಗೆಳೆಯರೇ. ಮುಂದಿನ ಸಲ ಹೋದಾಗ ನೀರಿನ ಕಡೆಗೆ ಬೆನ್ನು ಹಾಕಿ ಏರಿಯ ಹಿಂಬದಿಯನ್ನು ನೋಡಿ. ಮರ ಬೆಳೆದಿದೆಯೇ? ಬಿರುಕಿದೆಯೇ? ಬುಡದಲ್ಲಿ ಒಸರಿದೆಯೇ? ಕೋಡಿ ಎಲ್ಲಿದೆ, ಅದರ ಮೇಲೆ ಕಾಟೇಜು ಎದ್ದಿದೆಯೇ? ಸೆಲ್ಫಿಗೆ ಎತ್ತಿದ ಫೋನಿನಲ್ಲಿ ಅದರದ್ದೂ ನಾಲ್ಕು ಫೋಟೋ ತೆಗೆಯಿರಿ. ಕನ್ನಡದಲ್ಲಿ ಅರ್ಜಿ ಬರೆದು ಗ್ರಾಮ ಪಂಚಾಯಿತಿಗೂ ಜಿಲ್ಲಾಧಿಕಾರಿಗೂ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. 2005ರ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. "ನಮ್ಮ ಇಲಾಖೆಗೆ ಬರುವುದಿಲ್ಲ" ಎಂದು ಕೈತೊಳೆಯಲು ಅವರಿಗೆ ದಾರಿಯಿಲ್ಲ. ತಾಲ್ಲೂಕಿನಲ್ಲಿ ಖಾಸಗಿ ಕಟ್ಟೆಗಳು ಎಷ್ಟು, ಪ್ರತಿಯೊಂದರ ಕೆಳಗೆ ಮನೆಗಳೆಷ್ಟು, ಪಟ್ಟಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಪಟ್ಟಿಯೇ ಇಲ್ಲ ಎಂದು ಉತ್ತರ ಬಂದರೆ ಅದನ್ನೇ ಈ ಪತ್ರಿಕೆಗೆ ಕಳಿಸಿ, ಮುಖಪುಟದಲ್ಲಿ ಹಾಕೋಣ. ಅರ್ಜಿಯ ನಮೂನೆ ನಾನು ಅಚ್ಚು ಹಾಕಿಕೊಡುತ್ತೇನೆ, ಕಾಗದದ ಕಾಸೂ ಬೇಡ. ಮುಂಗಾರಿಗೆ ಮುಂಚೆ ಬನ್ನಿ.