ಕೂಸನ್ನು ಒಪ್ಪಿಸುವ ಮುನ್ನ ಹೆತ್ತವರು ತಿಳಿದಿರಬೇಕಾದುದು

ಸಂತಾನವು ಅಲ್ಲಾಹನ ಅನುಗ್ರಹ. ಆದರೆ ಎಲ್ಲ ಗರ್ಭಗಳೂ ಸಂತಸದ ನಡುವೆ ಬೆಳೆಯುವುದಿಲ್ಲ. ಗರ್ಭಿಣಿಯಾಗಿರುವಾಗಲೇ ಗಂಡನನ್ನು ಕಳಕೊಂಡವಳು, ತಲಾಕ್ ಪಡೆದು ತವರಿನಲ್ಲೂ ಭಾರವಾದವಳು, ಇರುವ ಮಕ್ಕಳಿಗೇ ಎರಡು ಹೊತ್ತಿನ ಊಟ ಹೊಂದಿಸಲಾಗದ ದಿನಗೂಲಿ ದಂಪತಿ, ಮದುವೆಯ ಮಾತಿಗೆ ಮರುಳಾಗಿ ಕೈಬಿಡಲ್ಪಟ್ಟ ತರುಣಿ - ಇಂಥವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದಾರೆ. ಹುಬ್ಬಳ್ಳಿಯ ಕೆಎಂಸಿಆರ್‌ಐಗೂ (ಹಿಂದಿನ ಕಿಮ್ಸ್) ಧಾರವಾಡದ ಜಿಲ್ಲಾಸ್ಪತ್ರೆಗೂ ಹೆರಿಗೆಗೆಂದು ಬರುವವರ ನಡುವೆಯೂ ಇದ್ದಾರೆ. ಹುಟ್ಟಲಿರುವ ಕೂಸನ್ನು ತಮ್ಮಿಂದ ಸಾಕಲಾಗದು ಎಂದು ಅವರಿಗೆ ಅನ್ನಿಸಿದಾಗ, ಸಲಹೆ ಕೊಡಲು ಬರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಮಕ್ಕಳಿಲ್ಲದ ಒಳ್ಳೆಯ ಮನೆಯೊಂದಿದೆ, ಯಾರಿಗೂ ತಿಳಿಯದಂತೆ ಕೊಟ್ಟುಬಿಡಿ.

ಈ ಸಲಹೆಯಲ್ಲಿ ಕನಿಕರ ಇರಬಹುದು, ಆದರೆ ನ್ಯಾಯವಿಲ್ಲ. ಕೂಸನ್ನು ಬೇರೊಂದು ಮಡಿಲಿಗೆ ಒಪ್ಪಿಸಬಹುದು. ಅದರ ವಂಶದ ಸತ್ಯವನ್ನು ಅಳಿಸುವ ಅಧಿಕಾರ ಮಾತ್ರ ಯಾರಿಗೂ ಇಲ್ಲ. ಗುಟ್ಟಾದ ಕೊಡುಕೊಳ್ಳುವಿಕೆಯನ್ನು ನಮ್ಮ ಧರ್ಮವೂ ಒಪ್ಪುವುದಿಲ್ಲ, ದೇಶದ ಕಾನೂನೂ ಮಾನ್ಯ ಮಾಡುವುದಿಲ್ಲ. ಹೆತ್ತವರು ಇದನ್ನು ಹೆರಿಗೆಗೆ ಮುಂಚೆಯೇ ತಿಳಿದಿರಬೇಕು.

ಮೊದಲು ಧರ್ಮದ ಮಾತು. ಇಸ್ಲಾಮಿನಲ್ಲಿ ದತ್ತು ನಿಷಿದ್ಧ ಎಂಬ ವಾಕ್ಯವನ್ನು ನಾವು ಬಹಳ ಸುಲಭವಾಗಿ ಉಚ್ಚರಿಸುತ್ತೇವೆ. ಅದು ಅರ್ಧ ಸತ್ಯ. ಪವಿತ್ರ ಕುರ್‌ಆನ್ (33:4-5) ತಡೆದಿರುವುದು ಸಾಕುವುದನ್ನಲ್ಲ. ಸಾಕಿದವನನ್ನು ಹೆತ್ತವನೆಂದು ಕರೆಯುವ ಸುಳ್ಳನ್ನು. ಪ್ರವಾದಿ(ಸ)ರು ಮಗನಂತೆ ಪ್ರೀತಿಸಿ ಬೆಳೆಸಿದ ಝೈದ್(ರ)ರನ್ನು ಜನರು ಮುಹಮ್ಮದರ ಮಗ ಝೈದ್ ಎನ್ನುತ್ತಿದ್ದರು. ಈ ವಚನದ ಬಳಿಕ ಅವರು ಮತ್ತೆ ಹಾರಿಸರ ಮಗ ಝೈದ್ ಆದರು. ಹೆಸರು ಬದಲಾಯಿತು, ಪ್ರೀತಿ ಕಡಿಮೆಯಾಗಲಿಲ್ಲ.

ಮರ್ಯಮ್(ಅ)ರ ವೃತ್ತಾಂತವು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅವರ ಪಾಲನೆಯ ಹೊಣೆ ಪ್ರವಾದಿ ಝಕರಿಯ್ಯಾ(ಅ)ರಿಗೆ ಬಂತೆಂದು ಹೇಳುವಾಗ ಕುರ್‌ಆನ್ (3:37) ಬಳಸುವ ಪದದ ಮೂಲದಿಂದಲೇ ‘ಕಫಾಲ’ ಎಂಬ ಶಬ್ದ ಬಂದಿದೆ. ಝಕರಿಯ್ಯಾರ ಆರೈಕೆಯಲ್ಲಿ ಬೆಳೆದರೂ ಕುರ್‌ಆನ್ ಅವರನ್ನು ಕರೆಯುವುದು ಇಮ್ರಾನರ ಮಗಳು ಎಂದೇ (66:12). ಕಫಾಲ ಎಂದರೆ ಇದು: ಅನ್ನ, ಆಶ್ರಯ, ಶಿಕ್ಷಣ, ವಾತ್ಸಲ್ಯ ಎಲ್ಲವನ್ನೂ ಕೊಡುವುದು, ಹುಟ್ಟಿನ ಗುರುತನ್ನು ಕಸಿಯದಿರುವುದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮಗುವಿನ ಬದಲಿ ಪಾಲನೆಯ ಒಂದು ಕ್ರಮವಾಗಿ ಕಫಾಲವನ್ನು ಹೆಸರಿಸಿದೆ.

ಈಗ ಕಾನೂನಿನ ಮಾತು. ಹುಟ್ಟಲಿರುವ ಕೂಸಿನ ಬಗ್ಗೆ ಛಾಪಾ ಕಾಗದದಲ್ಲಿ ಕರಾರು ಬರೆಯಿಸಿಕೊಳ್ಳುವವರಿದ್ದಾರೆ. 2020ರ ಮಾರ್ಚ್‌ನಲ್ಲಿ ಒಂದು ಹಿಂದೂ ದಂಪತಿ ಮತ್ತು ಒಂದು ಮುಸ್ಲಿಮ್ ದಂಪತಿ ಇಂಥದೇ ಕರಾರು ಮಾಡಿಕೊಂಡರು. ಐದು ದಿನಗಳ ಬಳಿಕ ಮಗು ಜನಿಸಿತು. ಹುಟ್ಟದ ಮಗುವನ್ನು ದತ್ತು ಕೊಡುವ ಕರಾರು ಯಾವ ಕಾನೂನಿಗೂ ಗೊತ್ತಿಲ್ಲದ ಸಂಗತಿ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಸಾರಿತು. ಅದೇ ವರ್ಷ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಮತ್ತೊಂದು ಪ್ರಕರಣ ಬಂತು. ಅವಳಿ ಮಕ್ಕಳಲ್ಲಿ ಒಂದನ್ನು ಹೆತ್ತವರು ಛಾಪಾ ಕಾಗದದ ಮೇಲೆ ಇನ್ನೊಂದು ಕುಟುಂಬಕ್ಕೆ ಕೊಟ್ಟಿದ್ದರು. ಆ ಮಗು ಅನಾಥವೂ ಪರಿತ್ಯಕ್ತವೂ ಕಾನೂನಿನಂತೆ ಒಪ್ಪಿಸಲ್ಪಟ್ಟದ್ದೂ ಅಲ್ಲವಾದ್ದರಿಂದ ಬಾಲನ್ಯಾಯ ಕಾಯ್ದೆಯ 80ನೇ ಕಲಮಿನ ಅಪರಾಧ ಅನ್ವಯಿಸದೆಂದು ಪೀಠವು ಮೊಕದ್ದಮೆಯನ್ನು ರದ್ದುಪಡಿಸಿತು. ಇದನ್ನು ಕೇಳಿ, ಹಾಗಾದರೆ ಕೈಯಿಂದ ಕೈಗೆ ಕೊಡಬಹುದು ಎಂದು ತಿಳಿಯಬಾರದು. ಮೊಕದ್ದಮೆ ರದ್ದಾದ ಮಾತ್ರಕ್ಕೆ ಛಾಪಾ ಕಾಗದವು ದತ್ತಕಪತ್ರವಾಗದು. ಅಂಥ ಮಗುವಿಗೆ ಸಾಕಿದ ಮನೆಯಲ್ಲಿ ಕಾನೂನಿನ ಸ್ಥಾನವಿಲ್ಲ. ಹೆತ್ತ ಮನೆಯಲ್ಲಿ ಅದರ ನೆನಪೂ ಉಳಿಯುವುದಿಲ್ಲ. ಇನ್ನು ಹಣ ಕೈಬದಲಾದರೆ ಅದು ಮಾರಾಟವೇ. ಕಾಯ್ದೆಯ 81ನೇ ಕಲಮಿನಂತೆ ಐದು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡವಿದೆ. ಮಗು ತಮ್ಮ ವಶದಲ್ಲಿರುವ ಆಸ್ಪತ್ರೆಯ ಸಿಬ್ಬಂದಿಯೇ ಈ ಕೆಲಸ ಮಾಡಿದರೆ ಸಜೆ ಮೂರರಿಂದ ಏಳು ವರ್ಷ.

ಕೂಸನ್ನು ಪೊದೆಯಲ್ಲೋ ಬಸ್ ನಿಲ್ದಾಣದಲ್ಲೋ ಬಿಟ್ಟುಹೋಗುವುದಂತೂ ಘೋರ ಪಾಪ, ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಏಳು ವರ್ಷಗಳವರೆಗೆ ಸಜೆಯಾಗಬಹುದಾದ ಅಪರಾಧ. ಬಡತನದ ಭಯಕ್ಕೆ ಮಕ್ಕಳ ಜೀವ ತೆಗೆಯಬಾರದೆಂಬ ಕುರ್‌ಆನಿನ (17:31) ಎಚ್ಚರಿಕೆಯನ್ನು ನಾವು ಇಲ್ಲಿ ನೆನೆಯಬೇಕು.

ಹಾಗಾದರೆ ದಾರಿ ಯಾವುದು? 2015ರ ಬಾಲನ್ಯಾಯ ಕಾಯ್ದೆಯ 35ನೇ ಕಲಮು ಒಂದು ಬಾಗಿಲನ್ನು ತೆರೆದಿಟ್ಟಿದೆ. ತಮ್ಮ ಕೈಮೀರಿದ ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣಗಳಿಂದ ಮಗುವನ್ನು ಸಾಕಲಾಗದವರು ಅದನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿ ಮೊದಲು ವಿಚಾರಣೆ ನಡೆಸಿ ಆಪ್ತಸಮಾಲೋಚನೆ ಒದಗಿಸುತ್ತದೆ. ಅದು ಮನದಟ್ಟಾದ ಮೇಲಷ್ಟೇ ಒಪ್ಪಿಗೆಪತ್ರ. ದಂಪತಿಯಾಗಿದ್ದರೆ ಇಬ್ಬರೂ ಸಹಿ ಹಾಕಬೇಕು. ಅವಿವಾಹಿತ ತಾಯಿಯಾಗಿದ್ದರೆ ಅವಳೊಬ್ಬಳೇ ಸಾಕು. ಒಪ್ಪಿಸಲ್ಪಟ್ಟ ಮಗುವಿನ ಬಗ್ಗೆ ಪತ್ರಿಕೆಯಲ್ಲಿ ಜಾಹೀರಾತು ಬರುವುದಿಲ್ಲ. ಹೆತ್ತವರ ಗುರುತನ್ನು ಗೋಪ್ಯವಾಗಿ ಇಡಲಾಗುತ್ತದೆ. ಮಾನದ ಭಯಕ್ಕೆ ಕತ್ತಲಿನ ದಾರಿ ಹಿಡಿಯುವವರು ಇದನ್ನು ಅರಿಯಬೇಕು: ಮಾನ ಉಳಿಯುವುದು ಈ ಬಾಗಿಲಿನಲ್ಲೇ.

ಸಹಿ ಹಾಕಿದ ಬಳಿಕವೂ ಎರಡು ತಿಂಗಳ ಕಾಲಾವಕಾಶವಿದೆ. ಅಷ್ಟರಲ್ಲಿ ಮನಸ್ಸು ಬದಲಾದರೆ ಮಗುವನ್ನು ಮರಳಿ ಕೇಳಬಹುದು. ಹೆರಿಗೆಯ ನೋವು, ಮನೆಯವರ ಒತ್ತಡ, ನಿದ್ದೆಯಿಲ್ಲದ ರಾತ್ರಿಗಳ ನಡುವೆ ತೆಗೆದುಕೊಂಡ ತೀರ್ಮಾನವನ್ನು ಶಾಂತವಾಗಿ ಮತ್ತೊಮ್ಮೆ ನೋಡಲು ಕಾನೂನು ಕೊಟ್ಟ ಸಮಯವದು. ಆ ಅವಧಿ ಕಳೆದ ಮೇಲೆ ಮಗುವನ್ನು ದತ್ತಕಕ್ಕೆ ಮುಕ್ತವೆಂದು ಘೋಷಿಸಲಾಗುತ್ತದೆ. ಮುಂದೆ ಯಾವ ಮನೆಗೆ ಮಗು ಹೋಗಬೇಕೆಂದು ಆರಿಸುವ ಹಕ್ಕು ಹೆತ್ತವರಿಗಿಲ್ಲ. ದತ್ತಕದ ಆದೇಶವಾದೊಡನೆ ಜನ್ಮ ಕುಟುಂಬದೊಂದಿಗಿನ ಕಾನೂನಿನ ಸಂಬಂಧಗಳು ಕಡಿದುಹೋಗುತ್ತವೆ; ಮಗು ಎಲ್ಲ ರೀತಿಯಲ್ಲೂ ದತ್ತಕ ತಂದೆತಾಯಿಯದಾಗುತ್ತದೆ.

ಮುಸ್ಲಿಮ್ ಹೆತ್ತವರು ಇಲ್ಲಿ ನಿಂತು ಯೋಚಿಸಬೇಕು. ಈ ಪೂರ್ಣ ದತ್ತಕವು ಶರೀಅತ್ ಹೇಳುವ ಕಫಾಲವಲ್ಲ. 2014ರ ಫೆಬ್ರವರಿ 19ರಂದು ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಇದನ್ನೇ ಪರಿಶೀಲಿಸಿತು. ಯಾವ ಧರ್ಮದವರಾದರೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದು, ಆದರೆ ಯಾರ ಮೇಲೂ ಅದು ಕಡ್ಡಾಯವಲ್ಲ, ತಮ್ಮ ವೈಯಕ್ತಿಕ ಕಾನೂನನ್ನು ಅನುಸರಿಸುವವರು ಅನುಸರಿಸಬಹುದು ಎಂದು ಅದು ಹೇಳಿತು. ಆದುದರಿಂದ ಧರ್ಮನಿಷ್ಠ ಕುಟುಂಬಕ್ಕೆ ಮೊದಲ ಆಯ್ಕೆ ರಕ್ತಸಂಬಂಧಿಗಳ ಮನೆಯಾಗಲಿ. ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಚಿಕ್ಕಮ್ಮ, ಅಜ್ಜ-ಅಜ್ಜಿ - ಇವರಲ್ಲಿ ಯಾರಾದರೂ ಹೊಣೆ ಹೊತ್ತರೆ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ ನ್ಯಾಯಾಲಯದಿಂದ ಪೋಷಕತ್ವದ ಆದೇಶ ಪಡೆಯಬಹುದು. ಮಗುವಿಗೆ ತಂದೆಯ ಹೆಸರು ಹಾಗೆಯೇ ಉಳಿಯುತ್ತದೆ, ಶಾಲೆಗೂ ಚಿಕಿತ್ಸೆಗೂ ಬೇಕಾದ ಅಧಿಕಾರ ಸಾಕುವವರಿಗೆ ಸಿಗುತ್ತದೆ.

ಕಫಾಲದ ಮಗುವಿಗೆ ಆಸ್ತಿಯಿಲ್ಲವಲ್ಲ ಎಂಬ ಆಕ್ಷೇಪವಿದೆ. ವಾರಸು ಹಕ್ಕಿಲ್ಲ ನಿಜ. ಆದರೆ ಬದುಕಿರುವಾಗಲೇ ಹಿಬಾ ಆಗಿ ಕೊಡಲು ತಡೆಯಿಲ್ಲ, ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಬರೆಯಬಹುದು. ಹೆತ್ತವರಿಂದ ಬರಬೇಕಾದ ಪಾಲೂ ಅದಕ್ಕೆ ಉಳಿದಿರುತ್ತದೆ. ಬೆಳೆದ ಮೇಲೆ ಪರದೆಯ ಪ್ರಶ್ನೆ ಏಳುತ್ತದೆ ಎನ್ನುವವರಿಗೆ ಎದೆಹಾಲಿನ ಸಂಬಂಧವನ್ನು ನೆನಪಿಸಬೇಕು. ಮಗುವಿನ ಮೊದಲ ಎರಡು ವರ್ಷಗಳೊಳಗೆ ಹಾಲೂಡಿಸಿದವಳು ಅದಕ್ಕೆ ತಾಯಿಯಾಗುತ್ತಾಳೆ, ಅವಳ ಮಕ್ಕಳು ಒಡಹುಟ್ಟಿದವರಾಗುತ್ತಾರೆ. ಎಷ್ಟು ಸಲ ಊಡಿಸಬೇಕೆಂಬುದರಲ್ಲಿ ಹನಫಿ ಮತ್ತು ಶಾಫಿಈ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿರುವುದರಿಂದ ಹೆರಿಗೆಗೆ ಮುಂಚೆಯೇ ಆಲಿಮರನ್ನು ಕೇಳಿಕೊಳ್ಳುವುದು ಉತ್ತಮ. ಪ್ರವಾದಿ(ಸ)ರೇ ಹಲೀಮಾ(ರ)ರ ಎದೆಹಾಲುಂಡು, ಅಜ್ಜ ಅಬ್ದುಲ್ ಮುತ್ತಲಿಬರ ಬಳಿಕ ದೊಡ್ಡಪ್ಪ ಅಬೂತಾಲಿಬರ ಆಶ್ರಯದಲ್ಲಿ ಬೆಳೆದವರಲ್ಲವೇ?

ಇನ್ನೊಂದು ಮಾತು. ಬಡತನವೊಂದೇ ಕಾರಣವಾಗಿದ್ದರೆ ಕೂಸನ್ನು ಅಗಲುವ ಅಗತ್ಯವೇ ಇರಲಾರದು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ವಿಧವೆಯರ, ವಿಚ್ಛೇದಿತೆಯರ, ಪರಿತ್ಯಕ್ತೆಯರ ಮಕ್ಕಳಿಗೆ ಪ್ರಾಯೋಜಕತ್ವದ ನೆರವಾಗಿ ತಿಂಗಳಿಗೆ 4000 ರೂಪಾಯಿ ನಿಗದಿಯಾಗಿದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮಗಳಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಇದಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಬೇಕು. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. ಗರ್ಭಿಣಿಯಾಗಿರುವಾಗ ತಲಾಕ್ ಕೊಟ್ಟವನು ಹೆರಿಗೆಯ ತನಕ ಅವಳ ಖರ್ಚು ನೋಡಬೇಕೆಂದು ಕುರ್‌ಆನ್ (65:6) ಆಜ್ಞಾಪಿಸಿದೆ. ಆ ಹೊಣೆಯಿಂದ ನುಣುಚಿಕೊಂಡವನನ್ನು ಜಮಾಅತ್ ಪ್ರಶ್ನಿಸದೆ, ಅವಳನ್ನು ಮಾತ್ರ ಕೂಸು ಕೊಡು ಎಂದರೆ ಅದು ಯಾವ ನ್ಯಾಯ?

ಅವಿವಾಹಿತ ತಾಯಂದಿರ ವಿಷಯ ಬಂದಾಗ ನಮ್ಮ ನಾಲಿಗೆಗಳು ಹರಿತವಾಗುತ್ತವೆ. ತಪ್ಪು ತಪ್ಪೇ. ಆದರೆ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಲಾರರು ಎಂಬುದು ಕುರ್‌ಆನಿನ ನಿಯಮ, ಕೂಸು ನಿಷ್ಪಾಪಿ. ಶರೀಅತ್ ಅದನ್ನು ತಾಯಿಗೆ ಸೇರಿಸುತ್ತದೆ, ತಾಯಿಯಿಂದ ಅದಕ್ಕೆ ವಾರಸು ಹಕ್ಕೂ ಇದೆ. ಗರ್ಭಿಣಿಗೆ 18 ತುಂಬದಿದ್ದರೆ ಅವಳೂ ರಕ್ಷಣೆ ಬೇಕಾದ ಮಗುವೇ. ಪೋಕ್ಸೊ ಕಾಯ್ದೆಯಂತೆ ವಿಷಯವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟು ದೂರದೂರಿನಲ್ಲಿ ಹೆರಿಗೆ ಮಾಡಿಸುವುದು ಅಪರಾಧಿಗೆ ಮಾತ್ರ ಉಪಕಾರ.

ಬೀದಿಯಲ್ಲಿ ಸಿಕ್ಕಿದ ಕೂಸನ್ನು ಒಬ್ಬರು ಎತ್ತಿ ತಂದಾಗ ಖಲೀಫಾ ಉಮರ್(ರ) ಅದರ ಆರೈಕೆಯನ್ನು ಆ ವ್ಯಕ್ತಿಗೆ ವಹಿಸಿ, ಖರ್ಚನ್ನು ಸರಕಾರದ ಬೊಕ್ಕಸಕ್ಕೆ ಸೇರಿಸಿದರು. ಹೊಣೆ ಇಡೀ ಸಮಾಜದ್ದು ಎಂಬ ಪಾಠ ಅದರಲ್ಲಿದೆ. ನಮ್ಮ ಅವಳಿ ನಗರದ ಮಸೀದಿಗಳಲ್ಲಿ ಝಕಾತ್ ಸಂಗ್ರಹವಾಗುತ್ತದೆ, ಜಮಾಅತ್‌ಗಳಲ್ಲಿ ವಕೀಲರಿದ್ದಾರೆ, ವೈದ್ಯೆಯರಿದ್ದಾರೆ. ಪ್ರತಿ ಜಮಾಅತ್ ಇಬ್ಬರು ವಿಶ್ವಾಸಾರ್ಹ ಮಹಿಳೆಯರನ್ನು ನೇಮಿಸಿ, ಸಂಕಟದಲ್ಲಿರುವ ಗರ್ಭಿಣಿ ನಿರ್ಭಯವಾಗಿ ಅವರ ಬಳಿ ಬರುವಂತೆ ಮಾಡಲು ಸಾಧ್ಯವಿಲ್ಲವೇ? ಅವಳ ಹೆರಿಗೆಯ ಖರ್ಚು ನೋಡಿ, ಸಂಬಂಧಿಕರೊಡನೆ ಮಾತಾಡಿ, ಬೇರೆ ದಾರಿಯಿಲ್ಲದಿದ್ದರೆ ಸಮಿತಿಯ ಮುಂದೆ ಅವಳ ಜೊತೆಗೆ ಹೋಗಿ ಕುಳಿತುಕೊಳ್ಳಲು?

ಅನಾಥರ ಪೋಷಕನೂ ತಾನೂ ಸ್ವರ್ಗದಲ್ಲಿ ಜೊತೆಯಲ್ಲಿರುವೆವೆಂದು ಪ್ರವಾದಿ(ಸ)ರು ಎರಡು ಬೆರಳುಗಳನ್ನು ತೋರಿಸಿ ಹೇಳಿದರು. ಆ ಸಾಮೀಪ್ಯವನ್ನು ಬಯಸುವವರು ಕೂಸಿಗೆ ಮನೆ ಕೊಡಲಿ, ಜೊತೆಗೆ ಅದರ ಹೆಸರನ್ನೂ ಉಳಿಸಲಿ. ಕೂಸನ್ನು ಒಪ್ಪಿಸಲೇಬೇಕಾದ ತಾಯಿಯ ಎದೆಗೆ ಅಲ್ಲಾಹನು ಸಹನೆ ನೀಡಲಿ, ಅವಳನ್ನು ಒಂಟಿಯಾಗಿ ಬಿಡದಿರುವ ಸದ್ಬುದ್ಧಿಯನ್ನು ನಮಗೂ ಕರುಣಿಸಲಿ.